ಸ್ನಾಯುವಿನ ಮೈಟೋಕಾಂಡ್ರಿಯಾ ಸೋತರೆ ಇನ್ಸುಲಿನ್ ಮಾತು ನಡೆಯಲ್ವಾ?

ಬೊಜ್ಜು ಬಂದವರಲ್ಲಿ ಇನ್ಸುಲಿನ್ ಕೆಲಸ ಮಾಡದಿರಲು ಸ್ನಾಯುವಿನ ಮೈಟೋಕಾಂಡ್ರಿಯಾ, ಅಂದರೆ ಜೀವಕೋಶದೊಳಗೆ ಕೊಬ್ಬು, ಸಕ್ಕರೆ ಉರಿಸಿ ಶಕ್ತಿ ಕೊಡುವ ಪುಟ್ಟ ಭಾಗಗಳು, ಕಾರಣವೇ ಅಂತ ಕೇಳಿದ್ದೀರಿ. ಒಂದು ಪಾಲು ಅದರದ್ದೂ ಇದೆ. ಇನ್ಸುಲಿನ್ ಏರಿದಾಗ ರಕ್ತದ ಸಕ್ಕರೆಯ ದೊಡ್ಡ ಪಾಲು ಹೋಗುವುದು ಸ್ನಾಯುಗಳಿಗೆ. ಅಲ್ಲಿ ಮೈಟೋಕಾಂಡ್ರಿಯಾ ಸೋತು ಬಂದಷ್ಟು ಕೊಬ್ಬು ಉರಿಯದಿದ್ದರೆ ಅದು ಜೀವಕೋಶದೊಳಗೇ ಉಳಿಯುತ್ತದೆ. ಅದರಿಂದ ಹುಟ್ಟುವ ಡೈಅಸೈಲ್‌ಗ್ಲಿಸರಾಲ್‌ನಂಥ ಕೊಬ್ಬಿನ ಅಣುಗಳು ಇನ್ಸುಲಿನ್ ಸಂಕೇತಕ್ಕೆ ಅಡ್ಡಗಾಲು ಹಾಕುತ್ತವೆ. ಆಗ ಸಕ್ಕರೆಯನ್ನು ಒಳಗೆ ಬಿಡುವ ಗ್ಲೂಟ್-4 ಪ್ರೋಟೀನ್ ಕೋಶದ ಅಂಚಿಗೆ ಸಾಕಷ್ಟು ಬರುವುದಿಲ್ಲ.

ವಿಚಿತ್ರ ಏನಂದ್ರೆ, ದೂರ ಓಡುವ ಕ್ರೀಡಾಪಟುಗಳ ಸ್ನಾಯುವಿನಲ್ಲೂ ಕೊಬ್ಬು ಜಾಸ್ತಿ, ಆದರೂ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಅವರು ತುಂಬಿದ್ದನ್ನು ಮತ್ತೆ ಮತ್ತೆ ಖಾಲಿ ಮಾಡುತ್ತಾರೆ, ಅಲ್ವಾ! ಹಾಗಾಗಿ ಸುಮ್ನೆ ಕೊಬ್ಬನ್ನೇ ದೂರುವುದು ಸರಿಯಲ್ಲ. ಮೈಟೋಕಾಂಡ್ರಿಯಾ ಸೋಲುವುದು ಕಾರಣವೋ ಪರಿಣಾಮವೋ ಅನ್ನುವ ಜಗಳವೂ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ಆದರೆ ನಡೆದಾಗ, ಭಾರ ಎತ್ತಿದಾಗ ಗ್ಲೂಟ್-4 ಇನ್ಸುಲಿನ್ ಕರೆಯದಿದ್ದರೂ ಅಂಚಿಗೆ ಬರುತ್ತದೆ.