ಓದುಗರ ಪ್ರಶ್ನೆ: ತಪಸ್ಸುಕಾಲದ ಸಂಕಲ್ಪ ಎರಡೇ ವಾರಕ್ಕೆ ಸಡಿಲವಾಗುವುದೇಕೆ?

ಪ್ರಶ್ನೆ: ನಮ್ಮದು ಸಣ್ಣ ರೇಷ್ಮೆ ರೀಲಿಂಗ್ ಘಟಕ, ಗೂಡಿನಿಂದ ನೂಲು ತೆಗೆಯುವ ಕೆಲಸ. ಪಾಸ್ಖಕ್ಕೆ (ಈಸ್ಟರ್) ಮುಂಚಿನ 40 ದಿನದ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ, ಹಣೆಗೆ ಬೂದಿ ಇಡಿಸಿಕೊಂಡು ಬಂದ ದಿನವೇ ಮಾಂಸ, ಕಾಫಿ, ಸೀರಿಯಲ್, ಮೊಬೈಲ್ ನಾಲ್ಕನ್ನೂ ಬಿಡುತ್ತೇನೆ. ಎರಡನೇ ವಾರಕ್ಕೆ ಎಲ್ಲ ಸಡಿಲ. ಪಾಸ್ಖ ಬಂದಾಗ ಹಿಂದಿನಂತೆಯೇ ಇರುತ್ತೇನೆ. ಏನು ಮಾಡಲಿ?
– ಓದುಗರು, ಶಿಡ್ಲಘಟ್ಟ

ಉತ್ತರ: ಪಟ್ಟಿ ಚಿಕ್ಕದು ಮಾಡಿ. ಶುಕ್ರವಾರದ ಮಾಂಸವರ್ಜನೆ ಇರಲಿ, ಅದರ ಜೊತೆಗೆ ಕಾಫಿಯೊಂದು ಸಾಕು. ಬೈಬಲಿನ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಒಟ್ಟಿಗೆ ಹೇಳುತ್ತಾರೆ. ನೀವು ಉಪವಾಸವೊಂದನ್ನೇ ಹಿಡಿದು ನಾಲ್ಕು ಪಾಲು ಮಾಡಿಕೊಂಡಿದ್ದೀರಿ.

15 ರೂಪಾಯಿಯಂತೆ ದಿನಕ್ಕೆ ಎರಡು ಕಾಫಿ ಅಂದುಕೊಳ್ಳಿ. 40 ದಿನಕ್ಕೆ 1,200 ರೂಪಾಯಿ ಆಯಿತು. ದಿನದ ಆ 30 ರೂಪಾಯಿ ಅಂದಂದೇ ಸಂಜೆ ದಾನದ ಡಬ್ಬಿಗೆ ಬೀಳಬೇಕು. ಆಮೇಲೆ ಲೆಕ್ಕ ಹಾಕೋಣ ಅಂದರೆ ಮನೆಖರ್ಚಿನಲ್ಲಿ ಕರಗಿಹೋಗುತ್ತದೆ. ಶುಕ್ರವಾರ ಕೋಳಿ ಬಿಟ್ಟು ಪನೀರ್ ತಂದರೂ ಅಷ್ಟೇ, ನಾಲಗೆಗೂ ತಪಸ್ಸಿಲ್ಲ, ಡಬ್ಬಿಗೂ ಕಾಸಿಲ್ಲ. ಮುದ್ದೆ, ಸೊಪ್ಪಿನ ಬಸ್ಸಾರು ಮಾಡಿ. ಡಬ್ಬಿಯ ಹಣ ಕೊಡಲು ಪಾಸ್ಖದವರೆಗೆ ಕಾಯಬೇಡಿ. ಬೀದಿಯಲ್ಲಿ ಯಾರ ಮನೆಯಲ್ಲಿ ಬಿಪಿ ಮಾತ್ರೆ ಮುಗಿದಿದೆ ಅನ್ನುವುದು ನಿಮಗೇ ಗೊತ್ತಿರುತ್ತದೆ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಬಿಸಿನೀರಿನ ಬೇಸಿನ್ ಮುಂದೆ ಕೂತು ಎಳೆ ಹಿಡಿಯುವವರ ಬೆರಳು ನೋಡಿ, ನೆಂದು ನೆಂದು ತುದಿ ಬಿಳುಚಿಕೊಂಡಿರುತ್ತದೆ. ಉಪವಾಸದ ದಿನವೇ ಕೆಲಸದವರನ್ನು ಹಿಂಡುವವರನ್ನು ಯೆಶಾಯನ ಗ್ರಂಥ 58:3 ನೇರವಾಗಿ ಗದರುತ್ತದೆ. ಕೂಲಿ ಬಾಕಿ ಇದ್ದರೆ ಮೊದಲು ತೀರಿಸಿ. ಅದನ್ನು ಡಬ್ಬಿಯ ಲೆಕ್ಕಕ್ಕೆ ಸೇರಿಸಬೇಡಿ, ಕೂಲಿ ದಾನವಲ್ಲ.

ಪ್ರಾರ್ಥನೆಗೆ ಮಾರ್ಕನ ಶುಭಸಂದೇಶ ಹಿಡಿಯಿರಿ. ಇರುವುದು 16 ಅಧ್ಯಾಯ. ದಿನಕ್ಕೆ ಅರ್ಧ ಓದಿದರೆ 32 ದಿನಕ್ಕೆ ಮುಗಿಯುತ್ತದೆ, ಉಳಿದ 8 ದಿನ ಯೇಸುವಿನ ಯಾತನೆಯ 14, 15ನೇ ಅಧ್ಯಾಯಗಳನ್ನು ನಿಧಾನವಾಗಿ ಮತ್ತೆ ಓದಿ. ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ಓದಬೇಕು. ಬಿಡುವಾದಾಗ ಅಂದರೆ ಆ ಬಿಡುವು ಬರುವುದೇ ಇಲ್ಲ.

ಭಾನುವಾರಗಳು 40ರ ಲೆಕ್ಕಕ್ಕಿಲ್ಲ. ಬೂದಿ ಬುಧವಾರದಿಂದ ಪಾಸ್ಖದ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ ಒಟ್ಟು 46 ದಿನ. ಒಂದು ದಿನ ತಪ್ಪಿದರೆ ಮರುದಿನ ದುಪ್ಪಟ್ಟು ಮಾಡಲು ಹೋಗಬೇಡಿ, ಎಂದಿನಷ್ಟೇ ಮುಂದುವರಿಸಿ. ದುಪ್ಪಟ್ಟು ಮಾಡಹೋದವರೇ ಪೂರ್ತಿ ಬಿಡುವುದು. ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಯನ್ನೂ ಪಾಸ್ಖದ ಹಿಂದಿನ ಪವಿತ್ರ ವಾರದ ನೂಕುನುಗ್ಗಲಿಗೆ ಇಟ್ಟುಕೊಳ್ಳದೆ ಮೂರನೇ ವಾರದಲ್ಲೇ ಮಾಡಿ, ಮನಸ್ಸು ಜಗ್ಗುವುದು ಆಗಲೇ.

ಪ್ರಶ್ನೆ: ಅಮ್ಮನಿಗೆ 63 ವರ್ಷ, ಇನ್ಸುಲಿನ್ ತಗೊಳ್ಳುತ್ತಾರೆ. ಶುಭ ಶುಕ್ರವಾರ ನೀರೂ ಮುಟ್ಟುವುದಿಲ್ಲ ಅನ್ನುತ್ತಾರೆ.
– ಓದುಗರು, ಕೋಲಾರ

ಉತ್ತರ: ಕಥೋಲಿಕ ಧರ್ಮಸಭೆಯ ನಿಯಮದಲ್ಲಿ ಉಪವಾಸದ ಕಡ್ಡಾಯ ಇರುವುದು 18ರಿಂದ 59 ವರ್ಷದವರಿಗೆ, ಅದೂ ಬೂದಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ. ಆಗಲೂ ಒಂದು ಹೊತ್ತು ಪೂರ್ತಿ ಊಟ, ಎರಡು ಹೊತ್ತು ಸ್ವಲ್ಪ ಆಹಾರ ಉಂಟು. ನೀರಿಗೆ ಯಾವ ತಡೆಯೂ ಇಲ್ಲ. ಕಾಯಿಲೆಯವರಿಗೆ ಯಾವ ವಯಸ್ಸಿನಲ್ಲೂ ವಿನಾಯಿತಿ. ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ಸಕ್ಕರೆ ಅಂಶ ಕುಸಿದು ಬೆವರು, ನಡುಕ, ತೊದಲು ಮಾತು ಶುರುವಾಗುತ್ತದೆ. ಎಚ್ಚರವಿದ್ದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೇನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಈ ವಿಷಯವನ್ನು ಚರ್ಚಿನ ಗುರುಗಳ ಬಾಯಿಂದಲೇ ಅಮ್ಮನಿಗೆ ಹೇಳಿಸಿ, ಮಕ್ಕಳ ಮಾತಿಗಿಂತ ಅದು ಬೇಗ ನಾಟುತ್ತದೆ. ಅವತ್ತು ಹೊತ್ತಿಗೆ ಸರಿಯಾಗಿ ಉಂಡು, ಯೇಸುವಿನ ಕೊನೆಯ ಯಾತನೆಯನ್ನು ನೆನೆಯುವ ಶಿಲುಬೆ ಹಾದಿಯ 14 ಸ್ಥಳಗಳನ್ನು ಕುರ್ಚಿಯಲ್ಲಿ ಕೂತೇ ಧ್ಯಾನಿಸಲಿ. ನೀವೂ ಪಕ್ಕದಲ್ಲಿ ಕೂತು ಓದಿ ಹೇಳಿ.