ಕ್ಷಮಿಸುವ ಅಧಿಕಾರ ಯಾರದು?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು, ಹೆಸರು ಅಚ್ಚಾಗಬಾರದೆಂದು ಕೋರಿ, ಬರೆದಿದ್ದಾರೆ: ‘ಅಜ್ಜನ ಟ್ರಂಕಿನಲ್ಲಿ 1961ರ ಹಕ್ಕು ಖುಲಾಸೆ ಪತ್ರವೊಂದು ಸಿಕ್ಕಿತು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ ಮಗಳೊಂದಿಗೆ ತವರಿಗೆ ಬಂದಿದ್ದ ಅಜ್ಜನ ತಂಗಿ, ಅರಿಶಿನ ಕುಂಕುಮದ ಬಾಬ್ತು 200 ರೂಪಾಯಿ ಪಡೆದು, 1958ರಲ್ಲಿ ತೀರಿಕೊಂಡ ತಂದೆಯ ಆಸ್ತಿಯಲ್ಲಿ ಹಕ್ಕು ಬಿಟ್ಟುಕೊಟ್ಟರೆಂದು ಅದರಲ್ಲಿದೆ. ಕೊನೆಗೆ ಹೆಬ್ಬೆಟ್ಟಿನ ಗುರುತು. ಅವರಿಗೋ ಮುತ್ತಿನಂಥ ಅಕ್ಷರ. ಅವರು ಬರೆದಿಟ್ಟ ಹಾಡಿನ ಪುಸ್ತಕ ನಮ್ಮಲ್ಲೇ ಇದೆ. ತಂದೆಯವರಿಗೆ 78 ವರ್ಷ. ಕೇಳಿದರೆ, ಹೋದವರನ್ನು ಕ್ಷಮಿಸಿಬಿಡು ಎನ್ನುತ್ತಾರೆ. ಆ ಅಜ್ಜಿಯ ಮಗಳು ಬದುಕಿದ್ದಾರೆ. ಹೇಳಲೇ, ಬಿಡಲೇ?’

ಮಾನ್ಯರೆ,

ಹೆಬ್ಬೆಟ್ಟಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆ ಅರಿಶಿನ ಕುಂಕುಮದ ಬಾಬ್ತು. ತಂದೆಯ ಸ್ವತ್ತಿನಲ್ಲಿ ಮಗಳಿಗೂ ಪಾಲುಂಟೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೇಳಿದ ಮೇಲೆ, ಎಷ್ಟೋ ಮನೆಗಳಲ್ಲಿ ಅಕ್ಕತಂಗಿಯರಿಂದ ಇಂಥ ಪತ್ರ ಬರೆಸಿಕೊಳ್ಳುವುದು ರೂಢಿಯಾಯಿತು. ಅದಕ್ಕೊಂದು ಸಿದ್ಧ ಒಕ್ಕಣೆಯೂ ಇರುತ್ತಿತ್ತು. ಕುಂಕುಮವಿಡುವ ಹಕ್ಕನ್ನೇ ಕಳೆದುಕೊಂಡಿದ್ದ ಹೆಣ್ಣುಮಗಳ ಪತ್ರದಲ್ಲಿಯೂ ಅದೇ ಸಾಲನ್ನು ಬರೆಯುವಾಗ ಪತ್ರಬರಹಗಾರನ ಕೈ ತಡೆಯಲಿಲ್ಲ, ಬರೆಸಿದ ಅಣ್ಣನಿಗೂ ಚುಚ್ಚಲಿಲ್ಲ. ಆಕೆಗೆ ಓದಿ ಹೇಳಿದ್ದರೆ ಆ ಸಾಲು ಉಳಿಯುತ್ತಿತ್ತೇ ಎಂಬುದು ನನ್ನ ಅನುಮಾನ. ಆದರೂ ಅನುಮಾನವೇ ತೀರ್ಪಾಗಬಾರದು. ಪತ್ರ ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿ, ಸಾಕ್ಷಿ ಹಾಕಿದವರು ಯಾರೆಂದು ನೋಡಿ.

ಕಾನೂನಿನ ಬಗ್ಗೆ ಒಂದೇ ಮಾತು. 2005ರ ತಿದ್ದುಪಡಿಯು ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತಾದರೂ, 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ವಿಭಾಗ, ಪರಭಾರೆಗಳನ್ನು ಅದು ಕದಲಿಸುವುದಿಲ್ಲ. ಉಳಿದದ್ದನ್ನು ವಕೀಲರಿಂದ ತಿಳಿಯಿರಿ.

ನಿಮ್ಮ ತಂದೆಯವರ ಸಂಕಟ ನನಗೆ ಅರ್ಥವಾಗುತ್ತದೆ. ಆ ಗದ್ದೆಯ ಅನ್ನ ಉಂಡೇ ಬೆಳೆದವರು ಅಪ್ಪನ ಬಗ್ಗೆ ಬೇರೇನು ಹೇಳಿಯಾರು? ಆದರೆ ಅನ್ಯಾಯ ಆಗಿದ್ದರೆ ಆದದ್ದು ನಿಮಗಲ್ಲ. ನೀವು ಕ್ಷಮಿಸುವುದೆಂದರೆ, ಸಾಲಗಾರನ ಮಗ ತಾನೇ ಕುಳಿತು ಅಪ್ಪನ ಸಾಲ ಮನ್ನಾ ಮಾಡಿದಂತೆ. ಆ ಅಧಿಕಾರವಿದ್ದ ಹೆಣ್ಣುಮಗಳು ಈಗಿಲ್ಲ. ಯಾರಿಗಾದರೂ ಉಳಿದಿದ್ದರೆ ಅವರ ಮಗಳಿಗೆ. ಅವರು ಕ್ಷಮಿಸಬಹುದು, ನಿಮ್ಮನ್ನು ಅಂಗಳದಿಂದಲೇ ಹಿಂದಕ್ಕೆ ಕಳಿಸಲೂಬಹುದು, ಎರಡಕ್ಕೂ ಸಿದ್ಧರಾಗಿ ಹೋಗಿ.

ಹೋಗುವ ಮುನ್ನ ತಂದೆಯವರಿಗೆ ತಿಳಿಸಿ. ಒಂದು ಗುಟ್ಟನ್ನು ಬಿಡಿಸಲು ಹೋಗಿ ಇನ್ನೊಂದನ್ನು ಕಟ್ಟಬೇಡಿ. ನಿಮ್ಮಲ್ಲಿ ಮಹಾಲಯದಲ್ಲಿ ಸರ್ವಪಿತೃಗಳಿಗೆ ತರ್ಪಣ ಬಿಡುವ ಪದ್ಧತಿಯಿದ್ದರೆ, ಸೋದರತ್ತೆಗೂ ಹೆಸರು ಹೇಳಿ ಎಳ್ಳುನೀರು ಬಿಡುವ ಕ್ರಮವುಂಟು. ತಂದೆಯವರು ಆ ಹೆಸರನ್ನು ಹೇಳುತ್ತಾರೆಯೇ ಎಂದು ಮೆಲ್ಲಗೆ ಕೇಳಿ. ಮಾತು ಅಲ್ಲಿಂದ ಶುರುವಾದೀತು.

ಅತ್ತೆಯ ಮಗಳಿಗೆ ಪತ್ರದ ನಕಲು ಕೊಟ್ಟರೆ ಸಾಕು. ಹಾಡಿನ ಪುಸ್ತಕ ಮಾತ್ರ ನಕಲು ಬೇಡ, ಮೂಲವನ್ನೇ ಕೊಡಿ.

– ಸಂ.