ಐರ್ಲೆಂಡಿನ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ ಹೆಂಗಸರನ್ನು ಯಾಕೆ ಕೂಡಿಹಾಕುತ್ತಿದ್ದರು?

"ದಾರಿ ತಪ್ಪಿದ" ಹೆಂಗಸರಿಗೆ ಆಸರೆ ಅಂತ ಇವು ಶುರುವಾದವು. ಡಬ್ಲಿನ್‌ನ ಮೊದಲನೆಯದು 1767ರದು, ಪ್ರಾಟೆಸ್ಟೆಂಟರದು. ಮುಂದೆ ಹೆಚ್ಚಿನವನ್ನು ನಡೆಸಿದ್ದು ಕ್ಯಾಥೊಲಿಕ್ ಸನ್ಯಾಸಿನಿಯರು.

ಮದುವೆಗೆ ಮುಂಚೆ ಬಸುರಾದವರಷ್ಟೇ ಅಲ್ಲಿದ್ದರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅನಾಥ ಹುಡುಗಿಯರಿದ್ದರು, ಕೋರ್ಟು ಕಳಿಸಿದವರಿದ್ದರು, ಸುಮ್ನೆ ಮನೆಯವರಿಗೆ ಬೇಡವಾದವರೂ ಇದ್ದರು. ಒಳಗೆ ಹೋದ ಮೇಲೆ ಎಷ್ಟೋ ಜನರ ಹೆಸರನ್ನೇ ಬದಲಿಸುತ್ತಿದ್ದರು. ಬಾಗಿಲಿಗೆ ಬೀಗ. ದಿನವಿಡೀ ಬಟ್ಟೆ ಒಗೆಯೋದು, ಇಸ್ತ್ರಿ ಮಾಡೋದು. ಕೂಲಿ ಇಲ್ಲ. ತಪ್ಪಿಸಿಕೊಂಡರೆ ಪೊಲೀಸರೇ ಹಿಡಿದು ತಂದು ಬಿಟ್ಟದ್ದೂ ಉಂಟು. ಸರ್ಕಾರಿ ಇಲಾಖೆಗಳ ಬಟ್ಟೆಯೂ ಅಲ್ಲಿಗೇ ಬರುತ್ತಿತ್ತು. ಹಾಗಾಗಿ ತಪ್ಪು ಚರ್ಚಿನದು ಮಾತ್ರ ಅನ್ನೋಕಾಗಲ್ಲ, ಅಲ್ವಾ?

1922ರ ನಂತರ ಇಂಥ 10 ಲಾಂಡ್ರಿಗಳಲ್ಲಿ ಸುಮಾರು 10,000 ಹೆಂಗಸರು ದುಡಿದರು. ಕೊನೆಯದು ಮುಚ್ಚಿದ್ದು 1996ರಲ್ಲಿ, ಅಂದರೆ ಮೊನ್ನೆ ಮೊನ್ನೆ!

1993ರಲ್ಲಿ ಡಬ್ಲಿನ್‌ನ ಹೈ ಪಾರ್ಕ್ ಲಾಂಡ್ರಿ ನಡೆಸಿದ್ದ ಸನ್ಯಾಸಿನಿಯರು ಜಾಗ ಮಾರಿದಾಗ ಅಲ್ಲಿನ ಸಮಾಧಿಗಳನ್ನು ಅಗೆಸಿದರು. 155 ಹೆಂಗಸರ ಅವಶೇಷ ಸಿಕ್ಕಿತು. ಹಲವರ ಸಾವು ದಾಖಲೆಯಲ್ಲೇ ಇರಲಿಲ್ಲ. ನನಗೆ ಇಡೀ ಕಥೆಯಲ್ಲಿ ಜಾಸ್ತಿ ನೋವು ಕೊಡುವುದು ಇದೇ.

2013ರಲ್ಲಿ ಪ್ರಧಾನಿ ಎಂಡಾ ಕೆನ್ನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಸರ್ಕಾರ ಪರಿಹಾರವನ್ನೂ ಕೊಟ್ಟಿತು. ಲಾಂಡ್ರಿ ನಡೆಸಿದ ಸಂಸ್ಥೆಗಳು ಮಾತ್ರ ಆ ನಿಧಿಗೆ ಹಣ ಕೊಡಲು ಒಪ್ಪಲಿಲ್ಲ.